ಹಳೆಯ ನಾಣ್ಯಕ್ಕೆ ಲಕ್ಷ ರೂಪಾಯಿ: ಮೌಲ್ಯವೆಷ್ಟು, ಮೋಸವೆಷ್ಟು?

ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯ ನಿಮ್ಮಲ್ಲಿದ್ದರೆ ಲಕ್ಷಾಂತರ ರೂಪಾಯಿ ಗಳಿಸಬಹುದು ಎಂಬ ಧಾಟಿಯ ಜಾಹೀರಾತುಗಳು ಹಲವು ವರ್ಷಗಳಿಂದ ಮೊಬೈಲ್‌ಗಳಲ್ಲಿ ಹರಿದಾಡುತ್ತಿವೆ. ನಂಬಿ ಕರೆ ಮಾಡಿದವರಿಂದ ಮೊದಲು ನೋಂದಣಿ ಶುಲ್ಕ, ಬಳಿಕ ತೆರಿಗೆ, ಆನಂತರ ಕಮಿಷನ್ ಎಂದು ಹಣ ಕೀಳಲಾಗುತ್ತದೆ. ನಾಣ್ಯ ಮಾತ್ರ ಮಾರಾಟವಾಗುವುದಿಲ್ಲ. ಈ ದಂಧೆಗೆ ತನ್ನ ಹೆಸರು ಮತ್ತು ಲಾಂಛನ ಬಳಕೆಯಾಗುತ್ತಿರುವುದನ್ನು ಗಮನಿಸಿದ ರಿಸರ್ವ್ ಬ್ಯಾಂಕ್, 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿತು. ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಶುಲ್ಕ ಕೇಳುವುದಿಲ್ಲ, ತನ್ನ ಪರವಾಗಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಸ್ಪಷ್ಟಪಡಿಸಿತು.

ಆದರೂ ಜನ ನಂಬುವುದೇಕೆ? ಕೆಲವು ನಾಣ್ಯಗಳು ನಿಜಕ್ಕೂ ಅಪಾರ ಬೆಲೆಗೆ ಮಾರಾಟವಾಗುತ್ತವೆ. ಅಮೆರಿಕದ 1933ರ ಇಪ್ಪತ್ತು ಡಾಲರ್ ಚಿನ್ನದ ನಾಣ್ಯವೊಂದು 2021ರ ಜೂನ್‌ನಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 1.89 ಕೋಟಿ ಡಾಲರ್‌ಗೆ ಹೋಯಿತು. ಇಂತಹ ಸುದ್ದಿ ಓದಿದವರಿಗೆ ಅಜ್ಜನ ಪೆಟ್ಟಿಗೆಯಲ್ಲಿರುವ ನಾಣ್ಯವೂ ಹಾಗೆಯೇ ಏಕಿರಬಾರದು ಎನ್ನಿಸುವುದು ಸಹಜ. ಬೆಲೆಯನ್ನು ನಿರ್ಧರಿಸುವ ಅಂಶಗಳು ಯಾವುವೆಂಬ ಅರಿವಿಲ್ಲದಿರುವುದೇ ವಂಚಕರಿಗೆ ಬಂಡವಾಳ.

ಉಳಿದದ್ದೆಷ್ಟು?

ನಾಣ್ಯ ಹಳೆಯದೆಂಬ ಮಾತ್ರಕ್ಕೆ ವಿರಳವಲ್ಲ. ಎಷ್ಟು ಟಂಕಿಸಲಾಯಿತು ಎಂಬುದಕ್ಕಿಂತ ಎಷ್ಟು ಉಳಿದಿವೆ ಎಂಬುದು ಮುಖ್ಯ. ಮೇಲೆ ಹೇಳಿದ ಚಿನ್ನದ ನಾಣ್ಯಗಳನ್ನು ನಾಲ್ಕು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಟಂಕಿಸಲಾಗಿತ್ತು. ಅಮೆರಿಕ ಸರ್ಕಾರ ಚಿನ್ನದ ನಾಣ್ಯಗಳ ಚಲಾವಣೆ ನಿಲ್ಲಿಸಿದ್ದರಿಂದ ಬಹುತೇಕ ಎಲ್ಲವೂ ಕರಗಿಹೋದವು. ನಮ್ಮಲ್ಲೂ ನಿದರ್ಶನವಿದೆ. ಐದನೇ ಜಾರ್ಜ್ ದೊರೆಯ 1911ರ ರೂಪಾಯಿಯಲ್ಲಿ ಅವನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಮುಸ್ಲಿಮರಿಂದ ಆಕ್ಷೇಪ ಬಂದಿತು. ಟಂಕಿಸಿದ್ದ ಸುಮಾರು 94 ಲಕ್ಷ ನಾಣ್ಯಗಳ ಪೈಕಿ ಹೊರಬಂದದ್ದು ಸುಮಾರು 7 ಲಕ್ಷ ಮಾತ್ರ. ಮಿಕ್ಕವನ್ನು ಕರಗಿಸಿ, 1912ರಲ್ಲಿ ಆನೆಯ ಚಿತ್ರವನ್ನು ತಿದ್ದಲಾಯಿತು. ಇದಕ್ಕಿಂತಲೂ ಬಹಳ ವಿರಳವಾದುದು ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿ. ಮರುವರ್ಷ ರೂಪಾಯಿಯಲ್ಲಿನ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಲಾಯಿತು. ವಿರಳವಾದ ಕಾರಣಕ್ಕೇ 1939ರ ರೂಪಾಯಿಗೆ ನಕಲಿಗಳ ಕಾಟವೂ ಹೆಚ್ಚು. ಇದಕ್ಕೆ ಹೋಲಿಸಿದರೆ, 2012ರಲ್ಲಿ ವೈಷ್ಣೋದೇವಿ ದೇಗುಲ ಮಂಡಳಿಯ ರಜತ ಮಹೋತ್ಸವಕ್ಕೆಂದು ಹೊರತಂದ ಐದು ರೂಪಾಯಿ ನಾಣ್ಯ ಸಾಮಾನ್ಯ ಚಲಾವಣೆಗೆ ಬಂದದ್ದು, ಇಂದಿಗೂ ಕೈಗೆ ಸಿಗುವಂಥದು.

ಅಚ್ಚಿನ ಗುಣಮಟ್ಟ

ಎರಡನೆಯ ಅಂಶ ನಾಣ್ಯದ ಸ್ಥಿತಿ. ಇಲ್ಲಿ ಸವೆತವನ್ನಷ್ಟೇ ನೋಡಿದರೆ ಸಾಲದು. ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಒತ್ತಿದಾಗ ಲೋಹವು ಅಚ್ಚಿನ ಆಳವಾದ ಗೆರೆಗಳಿಗೂ ಹರಿಯಬೇಕು. ಒತ್ತಡ ಕಡಿಮೆಯಾದರೆ ಅಥವಾ ಅಚ್ಚು ಸವೆದಿದ್ದರೆ, ಹೊಚ್ಚ ಹೊಸ ನಾಣ್ಯದಲ್ಲೂ ಕೂದಲ ಎಳೆ, ಕಿರೀಟದ ಅಂಚು ಮಸುಕಾಗಿರುತ್ತವೆ. ಅಮೆರಿಕದ 1945ರ ಹತ್ತು ಸೆಂಟ್ ನಾಣ್ಯ ಇದಕ್ಕೆ ಒಳ್ಳೆಯ ಉದಾಹರಣೆ. ಫಿಲಡೆಲ್ಫಿಯಾ ಟಂಕಸಾಲೆಯೊಂದರಲ್ಲೇ ಅದನ್ನು ಸುಮಾರು 15.9 ಕೋಟಿ ಸಂಖ್ಯೆಯಲ್ಲಿ ಮುದ್ರಿಸಲಾಗಿತ್ತು. ಹೀಗಾಗಿ ಅದು ಅಗ್ಗದ ನಾಣ್ಯ. ಆದರೆ ಹಿಂಬದಿಯಲ್ಲಿನ ಕೋಲುಗಳ ಕಟ್ಟನ್ನು ಬಿಗಿದ ಪಟ್ಟಿಗಳು ಬಿಡಿಬಿಡಿಯಾಗಿ ಮೂಡಿರುವ ಉತ್ತಮ ಪ್ರತಿಗಳು ಬೆರಳೆಣಿಕೆಯಷ್ಟು ಸಿಗುವುದರಿಂದ, ಅಂಥವಕ್ಕೆ ಸಾವಿರಾರು ಡಾಲರ್ ಬೆಲೆಯಿದೆ.

ಕೈಯಿಂದ ಬಡಿದು ಟಂಕಿಸುತ್ತಿದ್ದ ಕಾಲದ ನಾಣ್ಯಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಟಿಪ್ಪು ಸುಲ್ತಾನನ ಆನೆಯ ಚಿತ್ರದ ತಾಮ್ರದ ಪೈಸೆಗಳು ಶ್ರೀರಂಗಪಟ್ಟಣ, ನಗರ ಮೊದಲಾದ ಟಂಕಸಾಲೆಗಳಿಂದ ಬಂದವು. ಬಿಲ್ಲೆ ಸರಿಯಾಗಿ ಕೂರದಿದ್ದರೆ ಬರಹ ಅಂಚಿನಾಚೆ ಹೋಗುತ್ತಿತ್ತು. ಆನೆ, ಟಂಕಸಾಲೆಯ ಹೆಸರು ಮತ್ತು ವರ್ಷ ಮೂರೂ ಪೂರ್ಣವಾಗಿ ಮೂಡಿರುವ ಪ್ರತಿಗೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ಅದನ್ನೇ ಹುಣಸೆಹಣ್ಣು ಹಾಕಿ ಉಜ್ಜಿ ಹೊಳಪು ಬರಿಸಿದರೆ ಮೌಲ್ಯದ ಬಹುಪಾಲು ಅಲ್ಲಿಗೇ ಮುಗಿಯಿತು. ಕಾಲಾಂತರದಲ್ಲಿ ಮೂಡಿದ ಸಹಜ ಬಣ್ಣ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಮೂರನೆಯದು ಬೇಡಿಕೆ. ಎಷ್ಟೇ ವಿರಳವಾದರೂ ಕೊಳ್ಳುವವರಿಲ್ಲದ ನಾಣ್ಯಕ್ಕೆ ಬೆಲೆಯಿಲ್ಲ. ಮಾರುವವರು ಕೇಳುವ ದರವನ್ನು ಮಾರುಕಟ್ಟೆ ದರವೆಂದು ಭಾವಿಸಬಾರದು. ಹರಾಜಿನಲ್ಲಿ ವಾಸ್ತವವಾಗಿ ಸಂದಾಯವಾದ ಮೊತ್ತವೇ ಅಳತೆಗೋಲು.

ಓದುಗರು ಗಮನಿಸಬೇಕಾದ ಕಾನೂನೊಂದಿದೆ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಆದ್ದರಿಂದ ಅಂಥ ನಾಣ್ಯಕ್ಕೆ ವಿದೇಶಿ ಗಿರಾಕಿ ಕಾದಿದ್ದಾನೆ ಎಂಬ ಆಮಿಷವನ್ನು ಆರಂಭದಲ್ಲೇ ಅನುಮಾನಿಸಬೇಕು. ಮನೆಯಲ್ಲಿ ಹಳೆಯ ನಾಣ್ಯವಿದ್ದರೆ ಉಜ್ಜದೆ, ಅಂಚು ಹಿಡಿದು, ಅನುಭವಿ ಸಂಗ್ರಾಹಕರಿಗೆ ಖುದ್ದಾಗಿ ತೋರಿಸುವುದು ಕ್ಷೇಮ. ನಾಣ್ಯವನ್ನು ಕಣ್ಣಿಂದ ನೋಡದೆಯೇ ಲಕ್ಷದ ಬೆಲೆ ಹೇಳಿ, ಅದಕ್ಕೂ ಮುನ್ನ ಶುಲ್ಕ ಕಟ್ಟಿ ಎನ್ನುವವನು ಸಂಗ್ರಾಹಕನಲ್ಲ. ಅವನ ಕಣ್ಣಿರುವುದು ನಿಮ್ಮ ಬ್ಯಾಂಕ್ ಖಾತೆಯ ಮೇಲೆ.