ಟಿ-ಪರೀಕ್ಷೆಗೆ ಮೊದಲು ಕಲಿಯಬೇಕಾದದ್ದು

2011ರ ಜನಗಣತಿಯಲ್ಲಿ ನ್ಯಾಮತಿ ಎಂಬ ತಾಲ್ಲೂಕು ಸಿಗುವುದಿಲ್ಲ. ಆಗ ಅದು ಹೊನ್ನಾಳಿಯೊಳಗಿತ್ತು. ಅದೇ ಜನಗಣತಿಯ ದಾವಣಗೆರೆ ಜಿಲ್ಲೆಯಲ್ಲಿ ಹರಪನಹಳ್ಳಿ ಇದೆ. 2018ರಲ್ಲಿ ಅದು ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಹಾಗಾಗಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19.45 ಲಕ್ಷ, ಸಾಕ್ಷರತೆ ಶೇ 75.74 ಎಂದು ಇಂದು ಬರೆದರೆ, ಈಗಿಲ್ಲದ ಜಿಲ್ಲೆಯೊಂದರ ಲೆಕ್ಕ ಕೊಟ್ಟಂತಾಗುತ್ತದೆ. ಮನೋವಿಜ್ಞಾನ ಓದುವ ವಿದ್ಯಾರ್ಥಿನಿಯೊಬ್ಬಳು ‘ನ್ಯಾಮತಿ ತಾಲ್ಲೂಕಿನ ಯುವಜನರಲ್ಲಿ ಪರೀಕ್ಷಾ ಆತಂಕ’ ಎಂಬ ವಿಷಯ ಆರಿಸಿಕೊಂಡರೆ ಆಕೆಯ ಮುಂದೆ ಬರುವ ಮೊದಲ ಕಷ್ಟ ಗಣಿತದ್ದಲ್ಲ. ಯಾರ ಬಗ್ಗೆ ಮಾತನಾಡುತ್ತಿದ್ದೇನೆ, ಅವರೆಲ್ಲರ ಪಟ್ಟಿ ಎಲ್ಲಿದೆ, ಹೊನ್ನಾಳಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ನ್ಯಾಮತಿಯ ಹುಡುಗ ಯಾವ ತಾಲ್ಲೂಕಿನ ಲೆಕ್ಕಕ್ಕೆ ಸೇರುತ್ತಾನೆ ಎಂಬುದು ಆಕೆಯ ಮೊದಲ ಕಷ್ಟ. ಈ ಪ್ರಶ್ನೆಗಳಿಗೆ ಸಂಶೋಧನಾ ವಿನ್ಯಾಸ ಎಂದು ಹೆಸರು. ನಮ್ಮಲ್ಲಿ ಸಾಮಾನ್ಯವಾಗಿ ಇದು ವ್ಯಾಖ್ಯೆಗಳ ಬಾಯಿಪಾಠವಾಗಿ ಮುಗಿದುಹೋಗುತ್ತದೆ. ಶ್ರಮವೆಲ್ಲ ಮಾನಕ ವಿಚಲನೆ, ಸಹಸಂಬಂಧ, ಟಿ-ಪರೀಕ್ಷೆಗಳ ಸೂತ್ರಕ್ಕೆ ಮೀಸಲು. ಈ ಕ್ರಮ ತಿರುಗಬೇಕು ಎಂಬುದು ನನ್ನ ವಾದ. ಮೊದಲು ವಿನ್ಯಾಸ, ಆಮೇಲೆ ಲೆಕ್ಕ. ವಿನ್ಯಾಸ ಕಲಿಯುವ ಪ್ರಯೋಗಶಾಲೆಯಾಗಿ ವಿದ್ಯಾರ್ಥಿಯ ತಾಲ್ಲೂಕೇ ಒದಗಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಚನ್ನಗಿರಿಯದು ಅಡಿಕೆ ತೋಟ, ಭದ್ರಾ ನಾಲೆ, ಸೂಳೆಕೆರೆಯ ಸೀಮೆ. ಹೊನ್ನಾಳಿಗೆ ತುಂಗಭದ್ರೆಯ ದಂಡೆಯಿದೆ. ಜಗಳೂರು ಮಳೆ ನಂಬಿದ ಬಯಲು, ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಮತ್ತೆಮತ್ತೆ ಕಾಣುವ ಹೆಸರು. ಜಗಳೂರಿನ ಪದವಿ ವಿದ್ಯಾರ್ಥಿಗಳಲ್ಲಿ ಚನ್ನಗಿರಿಯವರಿಗಿಂತ ಒತ್ತಡ ಹೆಚ್ಚು ಎಂದು ಪ್ರಶ್ನಾವಳಿಯೊಂದು ತೋರಿಸಿತು ಎಂದುಕೊಳ್ಳೋಣ. ಬರವೇ ಕಾರಣ ಎಂದು ಬರೆದುಬಿಡುವುದು ಸುಲಭ. ಆದರೆ ಎರಡೂ ಕಡೆ ಬೇರೆಯಾಗಿರುವುದು ಮಳೆ ಮಾತ್ರವಲ್ಲ. ಹಿಡುವಳಿಯ ಗಾತ್ರ, ಸಾಲದ ಬಗೆ, ಕಾಲೇಜಿನ ದೂರ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವವರ ಪ್ರಮಾಣ, ಹಾಸ್ಟೆಲ್‌ನಲ್ಲಿರುವವರ ಸಂಖ್ಯೆ ಎಲ್ಲವೂ ಬೇರೆಯಿರಬಹುದು. ಪ್ರಶ್ನಾವಳಿ ಹಂಚಿದ ವಾರವೂ ಲೆಕ್ಕಕ್ಕೆ ಬರುತ್ತದೆ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಚನ್ನಗಿರಿಯ ತರಗತಿಗೆ ಬಂದವರು ಒಂದು ಗುಂಪು, ಕೊಯ್ಲು ಮುಗಿದ ಮೇಲೆ ಬಂದವರು ಇನ್ನೊಂದು. ಸುಲಿಯುವ ಕೆಲಸಕ್ಕೆ ಹೋದ ಹುಡುಗಿಯ ಉತ್ತರ ಯಾವ ಕೋಷ್ಟಕದಲ್ಲೂ ಇರುವುದಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎಂಬ ಮಾತು ನಿಜವಾಗುವುದು ಪಾತ್ರೆಯೊಂದು, ನೀರೊಂದು, ಉರಿಯೊಂದು ಆಗಿರುವುದರಿಂದ. ತಾಲ್ಲೂಕು ಅಂಥ ಪಾತ್ರೆಯಲ್ಲ. ಪ್ರಶ್ನಾವಳಿಯನ್ನು ವಾಟ್ಸ್‌ಆ್ಯಪ್‌ ಗುಂಪಿಗೆ ಕಳಿಸಿ ಉತ್ತರ ಸಂಗ್ರಹಿಸಿದರೆ ತೊಡಕು ಇನ್ನಷ್ಟು ಬಿಗಿಯಾಗುತ್ತದೆ: ಸ್ವಂತ ಫೋನಿಲ್ಲದವರು, ಸಿಗ್ನಲ್‌ ಇಲ್ಲದ ಊರಿನವರು, ಉತ್ತರಿಸುವ ಉತ್ಸಾಹವೇ ಉಳಿಯದಷ್ಟು ಕುಗ್ಗಿದವರು ಒಟ್ಟಿಗೇ ಕಾಣೆಯಾಗುತ್ತಾರೆ. ಒತ್ತಡವನ್ನೇ ಅಳೆಯಹೊರಟ ಅಧ್ಯಯನಕ್ಕೆ ಕೊನೆಯವರು ಇಲ್ಲದಿರುವುದು ಸಣ್ಣ ಕೊರತೆಯಲ್ಲ.

ಇಲ್ಲಿ ಸಂಖ್ಯೆಗಳಿಗೂ ಕೆಲಸವಿದೆ, ಆದರೆ ವಿನ್ಯಾಸದ ಅಂಗವಾಗಿ. ಎರಡು ಗುಂಪುಗಳ ನಡುವೆ ಮಧ್ಯಮ ಗಾತ್ರದ, ಅಂದರೆ ಮಾನಕ ವಿಚಲನೆಯ ಅರ್ಧದಷ್ಟು ವ್ಯತ್ಯಾಸವಿದ್ದರೆ ಅದನ್ನು ಶೇ 80ರ ಸಂಭವನೀಯತೆಯಲ್ಲಿ ಗುರುತಿಸಲು, ಶೇ 5ರ ಸಾರ್ಥಕತಾ ಮಟ್ಟದಲ್ಲಿ, ಪ್ರತಿ ಗುಂಪಿನಲ್ಲಿ 64 ಮಂದಿ ಬೇಕು. ವ್ಯತ್ಯಾಸ ಚಿಕ್ಕದು, ಐದನೇ ಒಂದರಷ್ಟು ಎಂದಾದರೆ 390ಕ್ಕೂ ಹೆಚ್ಚು. ಜೇಕಬ್ ಕೊಹೆನ್ 1962ರಿಂದಲೇ ಮನೋವಿಜ್ಞಾನಿಗಳ ಗಮನವನ್ನು ಇತ್ತ ಸೆಳೆಯುತ್ತ ಬಂದರು. ಆದರೂ ಗುಂಪಿಗೆ ಮೂವತ್ತು ಮಂದಿ ಸಾಕು ಎಂಬ ನಂಬಿಕೆ ಗಟ್ಟಿಯಾಗಿ ನಿಂತಿದೆ. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದು. ಜಗಳೂರಿನ ಒಂದು ಕಾಲೇಜಿನ ಒಂದು ತರಗತಿಯಿಂದ 60, ಚನ್ನಗಿರಿಯ ಒಂದು ತರಗತಿಯಿಂದ 60 ಉತ್ತರ ತಂದರೆ 120 ಸ್ವತಂತ್ರ ಮಾಹಿತಿ ಸಿಕ್ಕಂತಲ್ಲ. ಒಂದೇ ಕೊಠಡಿಯಲ್ಲಿ, ಒಬ್ಬರೇ ಅಧ್ಯಾಪಕರ ಬಳಿ, ಒಂದೇ ವೇಳಾಪಟ್ಟಿಗೆ ಸಿಕ್ಕವರ ಉತ್ತರಗಳು ಒಂದಕ್ಕೊಂದು ಹೋಲುತ್ತವೆ. ಈ ಹೋಲಿಕೆಯ ಅಳತೆ 0.05ರಷ್ಟು ಕಡಿಮೆ ಎಂದು ಇಟ್ಟುಕೊಂಡರೂ, 60 ಮಂದಿಯ ಗುಂಪಿನ ವಿನ್ಯಾಸ ಪರಿಣಾಮ 1 + 59 × 0.05, ಅಂದರೆ 3.95 ಆಗುತ್ತದೆ. ಅರವತ್ತನ್ನು ಅದರಿಂದ ಭಾಗಿಸಿದರೆ ಉಳಿಯುವುದು ಸುಮಾರು 15 ಮಂದಿಯಷ್ಟು ಮಾಹಿತಿ. ಅದಕ್ಕೂ ಮಿಗಿಲಾಗಿ, ಇಲ್ಲಿ ನಿಜವಾಗಿ ಹೋಲಿಕೆಯಾದದ್ದು ಒಂದು ತರಗತಿಯ ಜೊತೆ ಇನ್ನೊಂದು ತರಗತಿ. ಅದನ್ನು ತಾಲ್ಲೂಕಿನ ತೀರ್ಮಾನ ಎನ್ನಲು ಯಾವ ಸಾಫ್ಟ್‌ವೇರ್ ಕೂಡ ಅನುಮತಿ ಕೊಡಲಾರದು. ಹಾಗೆ ಎಚ್ಚರಿಸುವುದೂ ಇಲ್ಲ.

ಒಳ್ಳೆಯ ವಿನ್ಯಾಸ ಎಂದರೇನು ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ಅಮೆರಿಕದ ಪಠ್ಯಪುಸ್ತಕಕ್ಕೆ ಹೋಗಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 2005ರಿಂದ ನಿಮ್ಹಾನ್ಸ್‌ ಸ್ಕಿಝೊಫ್ರೇನಿಯಾ ಇರುವವರನ್ನು ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನು ಹತ್ತಿ ನೋಡುತ್ತ ಬಂದಿದೆ. ಔಷಧ ಪಡೆದವರ ಅಸಾಮರ್ಥ್ಯ ಕಾಲಕ್ರಮದಲ್ಲಿ ತಗ್ಗಿತು, ಪಡೆಯದವರಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇದು ಅಮೂಲ್ಯವಾದ ತಿಳಿವಳಿಕೆ. ಆದರೂ ವಿದ್ಯಾರ್ಥಿ ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ಔಷಧ ಪಡೆದವರು, ಪಡೆಯದವರು ಎಂದು ವಿಂಗಡಿಸಿದವರು ಯಾರು? ಸಂಶೋಧಕರಲ್ಲ. ಚಿಕಿತ್ಸೆ ಬೇಡವೆಂದವರ ಮನೆಯ ಸ್ಥಿತಿ, ಕಾಯಿಲೆಯ ಸ್ವರೂಪ, ಕುಟುಂಬದ ಬೆಂಬಲ ಮೊದಲಿನಿಂದಲೇ ಬೇರೆಯಿದ್ದಿರಬಹುದು. ಮದ್ದು ತಡೆಹಿಡಿದು ಪ್ರಯೋಗ ಮಾಡುವುದು ಅನೈತಿಕವಾದ್ದರಿಂದ ಅಲ್ಲಿ ಅದೇ ಸರಿಯಾದ ದಾರಿ. ಮುಂದೆ ಇದೇ ಕೆಲಸ ಜಗಳೂರಿಗೂ ಬಂತು. ಅಲ್ಲಿ ಪ್ರಶ್ನೆ ಬೇರೆ: ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ವೈದ್ಯರ ಚಿಕಿತ್ಸೆಯ ಜೊತೆಗೆ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಸಮುದಾಯದಲ್ಲೇ ಪುನರ್ವಸತಿಯ ನೆರವು ಕೊಟ್ಟರೆ ಹೆಚ್ಚಿನ ಪ್ರಯೋಜನವಿದೆಯೇ? ಚಿಕಿತ್ಸೆ ಎಲ್ಲರಿಗೂ ಸಿಗುವುದರಿಂದ, ಹೆಚ್ಚುವರಿ ನೆರವು ಯಾರಿಗೆ ಎಂಬುದನ್ನು ಯಾದೃಚ್ಛಿಕವಾಗಿ, ಚೀಟಿ ಎತ್ತಿದಂತೆ, ನಿರ್ಧರಿಸಬಹುದು; ಜಗಳೂರಿನ ಅಧ್ಯಯನವನ್ನು ಹೆಣೆದದ್ದೂ ಹಾಗೆಯೇ. ಒಂದೇ ರಾಜ್ಯದ ಎರಡು ತಾಲ್ಲೂಕು, ಎರಡು ಪ್ರಶ್ನೆ, ಎರಡು ವಿನ್ಯಾಸ. ಯಾವ ಪ್ರಶ್ನೆಗೆ ಯಾವುದು ಒದಗುತ್ತದೆ, ನೀತಿ ಎಲ್ಲಿ ಗೆರೆ ಎಳೆಯುತ್ತದೆ ಎಂಬುದನ್ನು ಇವೆರಡನ್ನು ಜೊತೆಗಿಟ್ಟು ಒಂದು ವಾರ ಕಲಿಸಿದರೆ, ಅರ್ಧ ಪಠ್ಯಕ್ರಮ ಅಷ್ಟರಲ್ಲೇ ಬಂದುಹೋಗುತ್ತದೆ.

ವಿನ್ಯಾಸ ತಿಳಿಯದಿದ್ದರೆ ನಷ್ಟವೇನು ಎಂದು ಕೇಳುವವರು ‘ಕ್ರಿಯಾ ಸಂಶೋಧನೆ’ಯ ವರದಿಗಳನ್ನು ನೋಡಬೇಕು. ಹೆಚ್ಚಿನ ಆತಂಕ ಇರುವ ಮಕ್ಕಳನ್ನು ಪೂರ್ವಪರೀಕ್ಷೆಯಿಂದ ಆರಿಸುವುದು, ಕೆಲವು ದಿನ ಧ್ಯಾನವನ್ನೋ ಆಪ್ತಸಮಾಲೋಚನೆಯನ್ನೋ ಕೊಡುವುದು, ಮತ್ತೆ ಅಳೆಯುವುದು, ಅಂಕ ಇಳಿದಿದೆ, ಉಪಾಯ ಫಲಿಸಿದೆ ಎಂದು ಬರೆಯುವುದು. ಹೋಲಿಕೆಗೆ ನಿಯಂತ್ರಿತ ಗುಂಪು ಇಲ್ಲದಿದ್ದರೆ ಈ ತೀರ್ಮಾನಕ್ಕೆ ಆಧಾರವಿಲ್ಲ. ಅತಿ ಹೆಚ್ಚು ಅಂಕ ಬಂದವರನ್ನೇ ಆರಿಸಿದಾಗ, ಏನೂ ಮಾಡದಿದ್ದರೂ ಎರಡನೇ ಅಳತೆಯಲ್ಲಿ ಅವರು ಸರಾಸರಿಯತ್ತ ಸರಿಯುತ್ತಾರೆ. ಫ್ರಾನ್ಸಿಸ್ ಗಾಲ್ಟನ್ ಇದನ್ನು 1886ರಲ್ಲೇ ವಿವರಿಸಿದ್ದ. ಅಳತೆಯ ಪರಿಸ್ಥಿತಿ ಬದಲಾದರೂ ಹೀಗೇ ಮೋಸ ಹೋಗುತ್ತೇವೆ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳ ಕಲಿಕೆ ಅಷ್ಟು ಕುಸಿಯಿತೇ? ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದದ್ದು ಆ ವರ್ಷ. ಹಿಂದಿನ ಅಂಕಿ ಏನನ್ನು ಅಳೆಯುತ್ತಿತ್ತು ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯ. ಅಳೆಯಬೇಕಾದದ್ದನ್ನೇ ಅಳೆಯುತ್ತಿದ್ದೇವೆಯೇ ಎಂಬ ಸಪ್ರಮಾಣತೆಯ ಪಾಠಕ್ಕೆ ಇದಕ್ಕಿಂತ ಮನೆಮನೆಗೂ ತಿಳಿದ ಉದಾಹರಣೆ ಬೇಕೆ?

ಕನ್ನಡ ನಾಡಿನ ಮನೋವಿಜ್ಞಾನಕ್ಕೆ ಈ ಎಚ್ಚರ ಹೊಸತಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರಲ್ಲಿ ಕಲಿತವರು. ಶ್ರೇಣಿ ಸಹಸಂಬಂಧದ ಸೂತ್ರಕ್ಕೆ ಇಂದಿಗೂ ಇರುವುದು ಆ ಸ್ಪಿಯರ್‌ಮನ್ನರ ಹೆಸರು. ಬೀನೆ ಬುದ್ಧಿಶಕ್ತಿ ಪರೀಕ್ಷೆಯನ್ನು ವಿ.ವಿ. ಕಾಮತ್ 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ, ಧಾರವಾಡದ ಸೀಮೆಯ ಮಕ್ಕಳ ಮೇಲೆ ಪ್ರಮಾಣೀಕರಿಸಿದರು. ಹೊರಗಿನ ಅಳತೆಗೋಲನ್ನು ಹಾಗೇ ತಂದು ಬಳಸದೆ, ಇಲ್ಲಿನ ಮಕ್ಕಳ ಸರಾಸರಿ ಏನೆಂದು ಮೊದಲು ಕಂಡುಕೊಂಡ ಆ ಶ್ರಮ ದೊಡ್ಡದು. ಬೀನೆ–ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಮೂರು ತಲೆಮಾರಿನ ಹಿಂದಿನ ಮಕ್ಕಳ ಅಂಕದ ಜೊತೆ ಇವತ್ತಿನ ಮಗುವನ್ನು ಹೋಲಿಸುವುದು ಎಷ್ಟು ಸರಿ ಎಂಬ ಆಕ್ಷೇಪವೂ ಅದರ ಜೊತೆಗೇ ಬಂದಿದೆ. ಕಾಮತರ ಕೆಲಸಕ್ಕೆ ಗೌರವ ಸಲ್ಲುವುದು ಆ ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಂಡಾಗ.

ನನ್ನ ವಾದಕ್ಕೆ ಬರುವ ಮೊದಲ ಪ್ರತಿವಾದ: ವಿನ್ಯಾಸದ ಮಾತೆಲ್ಲ ಸರಿ, ಲೆಕ್ಕ ಬಾರದ ವಿದ್ಯಾರ್ಥಿಗೆ ಉದ್ಯೋಗ ಕೊಡುವವರಾರು? ಲೆಕ್ಕ ಬಿಡಿ ಎಂದು ನಾನು ಹೇಳುತ್ತಿಲ್ಲ. ಟಿ-ಮೌಲ್ಯವನ್ನು ಕಂಪ್ಯೂಟರ್ ಕ್ಷಣದಲ್ಲಿ ಕೊಡುತ್ತದೆ; ಆ ಮೌಲ್ಯಕ್ಕೆ ಅರ್ಥವಿದೆಯೇ ಎಂದು ತೀರ್ಮಾನಿಸುವುದು ಮನುಷ್ಯರ ಕೆಲಸವಾಗಿಯೇ ಉಳಿದಿದೆ. ಈ ತೀರ್ಮಾನ ತಪ್ಪಿದರೆ ನುರಿತವರೂ ಎಡವುತ್ತಾರೆ. ಮನೋವಿಜ್ಞಾನದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ಜಾಗತಿಕ ತಂಡವೊಂದು 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಮೂಲದಲ್ಲಿ ಶೇ 97ರಷ್ಟು ಸಾರ್ಥಕ ಫಲಿತಾಂಶ ವರದಿಯಾಗಿತ್ತು, ಮರುಪ್ರಯೋಗದಲ್ಲಿ ಹಾಗೆ ಬಂದದ್ದು ಶೇ 36ರಲ್ಲಿ. ಅಲ್ಲಿ ಯಾರಿಗೂ ಗುಣಾಕಾರ ಬಾರದೇ ಹೋಗಿರಲಿಲ್ಲ. ಇನ್ನು, ಗಣಿತ ಎಂದರೆ ಹೆದರಿ ಕಲಾ ವಿಭಾಗಕ್ಕೆ ಬಂದವರಿಗೆ ಇದೆಲ್ಲ ಹೊರೆ ಎನ್ನುವವರಿದ್ದಾರೆ. ವಿನ್ಯಾಸ ಮೊದಲು ಬರಬೇಕೆನ್ನುವುದಕ್ಕೆ ಆ ಹೆದರಿಕೆಯೂ ಒಂದು ಕಾರಣ. ಎರಡು ಗುಂಪು ಬೇರೆ ಯಾವ ಕಾರಣಕ್ಕೆ ಬೇರೆಯಾಗಿರಬಹುದು ಎಂದು ಯೋಚಿಸಲು ಗಣಿತ ಬೇಕಿಲ್ಲ, ಊರಿನ ಬದುಕು ಗೊತ್ತಿದ್ದರೆ ಸಾಕು. ಜಗಳೂರಿನ ಹಳ್ಳಿಯ ವಿದ್ಯಾರ್ಥಿಗೆ ಅದು ಬೆಂಗಳೂರಿನ ಪ್ರಾಧ್ಯಾಪಕರಿಗಿಂತ ಚೆನ್ನಾಗಿ ಗೊತ್ತು. ಈ ಯೋಚನೆಯನ್ನು ಕನ್ನಡದಲ್ಲೇ ಮಾಡಿಸಬೇಕು. ಸ್ಯಾಂಪಲ್, ಸ್ಕೋರ್ ಎಂಬ ಪದಗಳು ಹಾಗೇ ಇರಲಿ, ವಾದ ಮಾತ್ರ ವಿದ್ಯಾರ್ಥಿಯ ನಾಲಗೆಯಲ್ಲಿ ಸರಾಗವಾಗಿ ಹರಿಯಲಿ.

ಇನ್ನೊಂದು ಆಕ್ಷೇಪ ಇವೆಲ್ಲಕ್ಕಿಂತ ತೂಕದ್ದು. ಪದವಿ ವಿದ್ಯಾರ್ಥಿಗಳು ಊರವರ ಮನಸ್ಸಿನ ನೋವನ್ನು ಕೆದಕಬಹುದೇ? ಕೆದಕಬಾರದು. ಆತ್ಮಹತ್ಯೆಯ ಯೋಚನೆ, ಮನೆಯೊಳಗಿನ ಹಿಂಸೆಗಳ ಬಗ್ಗೆ ಪ್ರಶ್ನೆ ಕೇಳುವುದು ಆರಂಭಿಕ ತರಗತಿಯ ಕೆಲಸವಲ್ಲ. ಪ್ರಶ್ನಾವಳಿಯ ಕೆಳಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಮುದ್ರಿಸಿದ ಮಾತ್ರಕ್ಕೆ ಜವಾಬ್ದಾರಿ ತೀರುವುದೂ ಇಲ್ಲ. ನಿದ್ದೆ, ಓದಿನ ಅಭ್ಯಾಸ, ನೆನಪು, ಬಸ್ ಪ್ರಯಾಣದ ಹೊತ್ತು, ಫೋನ್ ಬಳಕೆ: ಇವು ಹಾನಿಯಿಲ್ಲದ ವಿಷಯಗಳು, ವಿನ್ಯಾಸದ ಎಲ್ಲ ಕಷ್ಟಗಳೂ ಇವುಗಳಲ್ಲಿವೆ. ಒಂದೊಂದು ಕಾಲೇಜು ಒಂದೊಂದು ಪುಟ್ಟ ಅಧ್ಯಯನ ಮಾಡುವುದಕ್ಕಿಂತ, ನಾಲ್ಕೂ ತಾಲ್ಲೂಕುಗಳ ಹಲವು ತರಗತಿಗಳು ಒಂದೇ ಪ್ರಶ್ನಾವಳಿಯನ್ನು ಒಂದೇ ವಾರ ಬಳಸಿ ಮಾಹಿತಿಯನ್ನು ಒಟ್ಟುಗೂಡಿಸುವುದು ಮೇಲು. 2014ರ ‘ಮೆನಿ ಲ್ಯಾಬ್ಸ್’ ಯೋಜನೆಯಲ್ಲಿ 36 ಗುಂಪುಗಳಿಂದ ಆರು ಸಾವಿರಕ್ಕೂ ಹೆಚ್ಚು ಮಂದಿಯ ಮಾಹಿತಿ ಕೂಡಿದ್ದು ಹೀಗೆಯೇ. 2009ರಿಂದ ಇರುವ ದಾವಣಗೆರೆ ವಿಶ್ವವಿದ್ಯಾಲಯ ಇದಕ್ಕೆ ಸಹಜವಾದ ಕೇಂದ್ರವಾಗಬಲ್ಲದು. ತಡಮಾಡಬಾರದೆನ್ನಲು ಜಗಳೂರಿನಲ್ಲೇ ಕಾರಣವಿದೆ. 57 ಕೆರೆ ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆ ಇವೆರಡರ ನೀರು ಎಲ್ಲ ಊರುಗಳಿಗೂ ಒಂದೇ ದಿನ ಮುಟ್ಟುವುದಿಲ್ಲ. ನೀರು ಬಂದ ಊರು, ಇನ್ನೂ ಬರಬೇಕಾದ ಊರು ಎರಡರ ಬದಲಾವಣೆಯನ್ನೂ ಹೋಲಿಸುವ ಅವಕಾಶ ಅಪರೂಪದ್ದು. ಆದರೆ ನೀರು ಬರುವ ಮುನ್ನದ ಅಳತೆ ಕೈಯಲ್ಲಿಲ್ಲದಿದ್ದರೆ ಆ ಹೋಲಿಕೆಯೇ ಸಾಧ್ಯವಾಗದು.

ಇವೆಲ್ಲಕ್ಕಿಂತ ಮೊದಲು ಪ್ರಶ್ನೆಪತ್ರಿಕೆ ಬದಲಾಗಬೇಕು, ಏಕೆಂದರೆ ತರಗತಿ ನಡೆಯುವುದು ಅದನ್ನು ನೋಡಿಕೊಂಡು. ಕೊಟ್ಟ ಇಪ್ಪತ್ತು ಸಂಖ್ಯೆಗಳ ಮಾನಕ ವಿಚಲನೆ ಕಂಡುಹಿಡಿಯಿರಿ ಎಂಬ ಹತ್ತು ಅಂಕದ ಪ್ರಶ್ನೆಯ ಜಾಗದಲ್ಲಿ ಅಧ್ಯಯನವೊಂದರ ಅರ್ಧಪುಟದ ವಿವರಣೆ ಕೊಡಲಿ. ಯಾರನ್ನು ಬಿಟ್ಟಿದ್ದಾರೆ, ಈ ಫಲಿತಾಂಶಕ್ಕೆ ಬೇರೆ ಯಾವ ಮೂರು ಕಾರಣಗಳಿರಬಹುದು, ಅವುಗಳಲ್ಲಿ ಒಂದನ್ನು ತಳ್ಳಿಹಾಕಲು ಅಧ್ಯಯನವನ್ನು ಹೇಗೆ ಬದಲಿಸುತ್ತೀರಿ ಎಂದು ಕೇಳಲಿ. ಉತ್ತರ ಕನ್ನಡದಲ್ಲಿರಲಿ, ಎಣಿಕೆಗೆ ಕ್ಯಾಲ್ಕುಲೇಟರ್ ಇರಲಿ.