ಪೆಟ್ಟಿಗೆಯೊಳಗೆ ಏನಿದೆ?

ಕಾಲೇಜಿನ ಪ್ರಯೋಗಶಾಲೆಯ ಗೋಡೆಯಲ್ಲಿ ತೂಗುವ ಫೋರ್ಟಿನ್ ವಾಯುಭಾರಮಾಪಕವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಗಾಜಿನ ನಳಿಕೆಯೊಳಗೆ ಸುಮಾರು 760 ಮಿಲಿಮೀಟರು ಎತ್ತರದ ಪಾದರಸದ ಕಂಬವನ್ನು ವಾಯುಮಂಡಲದ ಒತ್ತಡವು ಎತ್ತಿಹಿಡಿದಿರುತ್ತದೆ. ಗೋಡೆಯ ಮೇಲಿರುವವರೆಗೆ ಅದು ಸಾಧು ಉಪಕರಣ. ಅದನ್ನು ಪರಊರಿಗೆ ಕಳುಹಿಸಬೇಕಾದಾಗ ಮಾತೇ ಬೇರೆ.

ಪಾದರಸವು ನೀರಿಗಿಂತ 13.6 ಪಾಲು ಭಾರವಾದುದು. ಪೆಟ್ಟಿಗೆ ಕುಲುಕಿದಾಗ ಅದು ನಳಿಕೆಯ ತುದಿಗೆ ಸುತ್ತಿಗೆಯಂತೆ ಬಡಿದು ಗಾಜನ್ನು ಒಡೆಯಬಲ್ಲುದು. ಚೆಲ್ಲಿದ ಪಾದರಸದಿಂದ ಏಳುವ ಆವಿಯು ಕಣ್ಣಿಗೆ ಕಾಣದು. ಆದರೆ ಉಸಿರಾಡಿದವರ ನರಮಂಡಲಕ್ಕೆ ಕೇಡು ತರುತ್ತದೆ. ವಿಮಾನದಲ್ಲಿ ಇನ್ನೊಂದು ಅಪಾಯವುಂಟು. ಅಲ್ಯೂಮಿನಿಯಂ ಲೋಹವನ್ನು ಕಾಪಾಡುವುದು ಅದರ ಮೇಲಣ ತೆಳುವಾದ ಆಕ್ಸೈಡಿನ ಪೊರೆ. ಆ ಪೊರೆ ಹರಿದೆಡೆ ಪಾದರಸ ತಗುಲಿದರೆ ಲೋಹವು ಸವೆಯತೊಡಗುತ್ತದೆ. ಆದುದರಿಂದಲೇ, ಹವಾಮಾನ ಇಲಾಖೆಯ ಪ್ರತಿನಿಧಿಯು ಇಂಥ ಉಪಕರಣವನ್ನು ತನ್ನೊಡನೆ ಒಯ್ಯುವಾಗಲೂ ಅದಕ್ಕೆ ಪಾದರಸ ಸೋರದ ಒಳಚೀಲವೂ ಗಟ್ಟಿಯಾದ ಹೊರಪೆಟ್ಟಿಗೆಯೂ ಇರಬೇಕು, ವಿಮಾನಚಾಲಕನಿಗೆ ವಿಷಯ ತಿಳಿದಿರಬೇಕು ಎಂಬುದು ವಿಮಾನಯಾನದ ನಿಯಮ.

ಇದೆಲ್ಲ ಅತಿಯಾಯಿತು ಎನ್ನುವವರಿದ್ದಾರೆ. ನಿಜವನ್ನು ಬರೆದರೆ ಬಾಡಿಗೆ ಹೆಚ್ಚು, ತಡವೂ ಹೆಚ್ಚು. 'ಗಾಜಿನ ಸಾಮಾನು' ಎಂದರೆ ಸಾಲದೆ ಎಂಬುದು ಅವರ ವಾದ. ನಾವು ಇದನ್ನು ಒಪ್ಪಲಾರೆವು. ಪೆಟ್ಟಿಗೆ ಕಟ್ಟಿದವನಿಗೆ ಒಳಗಿರುವುದು ಗೊತ್ತು, ಹೊರುವವನಿಗೆ ಗೊತ್ತಿಲ್ಲ. ಅವನಿಗಿರುವ ರಕ್ಷೆಯೆಂದರೆ ಮೇಲಿನ ಚೀಟಿಯೊಂದೇ.

ಆ ತಿಳಿವಳಿಕೆ ಉಪಕರಣದೊಡನೆ ಹೋಗದಿದ್ದರೆ ಏನಾಗುವುದೆಂಬುದನ್ನು 2010ರಲ್ಲಿ ದೆಹಲಿಯಲ್ಲಿ ಕಂಡೆವು. ಅಲ್ಲಿನ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಗ್ಯಾಮಾ ಕಿರಣಗಳ ಉಪಕರಣವೊಂದು ಹರಾಜಿನಲ್ಲಿ ಮಾರಾಟವಾಗಿ, ಮಾಯಾಪುರಿಯ ಗುಜರಿ ಪೇಟೆಯನ್ನು ಸೇರಿತು. ಅದರೊಳಗೆ ಕೋಬಾಲ್ಟ್-60 ಇತ್ತು. ಈ ಧಾತುವಿನ ಶಕ್ತಿಯು ಸುಮಾರು 5.3 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. 25 ವರ್ಷಗಳಲ್ಲಿ ಅದು ಇಪ್ಪತ್ತೈದನೆಯ ಒಂದು ಪಾಲಿಗಿಂತಲೂ ಕಡಿಮೆಯಾಗಿದ್ದಿರಬೇಕು. ಆದರೂ ಉಪಕರಣವನ್ನು ಬಿಚ್ಚಿದಾಗ ಹಲವರು ವಿಕಿರಣದಿಂದ ಅಸ್ವಸ್ಥರಾದರು. ಒಬ್ಬನು ಪ್ರಾಣವನ್ನೇ ತೆತ್ತನು. ಅವರಿಗೆ ಅದು ಹಳೆಯ ಕಬ್ಬಿಣ ಮಾತ್ರವಾಗಿತ್ತು.

ಉಪಕರಣವನ್ನು ಕೊಂಡ ದಿನವೇ ಅದರೊಳಗಿನ ವಸ್ತುವಿನ ಹೆಸರು, ಪರಿಮಾಣ, ಅಪಾಯ ಇವನ್ನು ಅಳಿಯದಂತೆ ಅದರ ಮೇಲೆಯೂ ದಾಖಲೆಯ ಪುಸ್ತಕದಲ್ಲಿಯೂ ಬರೆದಿಡಬೇಕು; ಅದು ಎಲ್ಲಿಗೆ ಹೋದರೂ, ಗುಜರಿಗೇ ಹೋದರೂ, ಆ ಬರಹ ಜೊತೆಗಿರಬೇಕು ಎಂಬುದು ನಮ್ಮ ಅಭಿಪ್ರಾಯ. ಇಂದಿನ ವಿದ್ಯಾರ್ಥಿಗಳೇ ನಾಳೆ ಪ್ರಯೋಗಶಾಲೆಗಳ ಹೊಣೆ ಹೊರುವವರು. ಅಳೆಯುವುದನ್ನು ಕಲಿತಷ್ಟೇ ಶ್ರದ್ಧೆಯಿಂದ ಅವರು ಈ ಚೀಟಿ ಬರೆಯುವುದನ್ನೂ ಕಲಿಯಲಿ.