ಮೊಟ್ಟೆ ಇಟ್ಟ ಗಿಳಿಗೆ ಪೆಟ್ಟಿಗೆ ಬೇಡ, ನೆಮ್ಮದಿ ಬೇಕು

ನಮ್ಮ ಕಾಲೇಜಿನಲ್ಲಿ ಅನೇಕರ ಮನೆಯಲ್ಲಿ ಈಗ ಪಂಜರದ ಹಕ್ಕಿ ಇದೆ. ಅಂಗಡಿಯವರು 'ಲವ್ ಬರ್ಡ್ಸ್' ಎಂದು ಮಾರುವ ಬಡ್ಜರಿಗರ್, ನಿಜವಾದ ಲವ್ ಬರ್ಡ್, ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಎಲ್ಲವೂ ಗಿಳಿಯ ಬಳಗಕ್ಕೇ ಸೇರಿದವು. ಹಕ್ಕಿಗೆ ಏನು ತಿನ್ನಿಸಬೇಕು, ಹೇಗೆ ಮಾತು ಕಲಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದು ಮೊಟ್ಟೆ ಇಟ್ಟು ಕಾವಿಗೆ ಕೂತಾಗ ಏನು ಮಾಡಬೇಕು ಎಂದು ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ. ಆ ಮೂರು ವಾರಗಳಲ್ಲೇ ನಾವು ಹಕ್ಕಿಗೆ ಹೆಚ್ಚು ಅನ್ಯಾಯ ಮಾಡುತ್ತೇವೆ ಎಂಬುದು ನನ್ನ ಅಭಿಪ್ರಾಯ.

ಕಾವಿಗೆ ಕೂತ ಕೋಳಿಗೆ ನಮ್ಮ ಮನೆಯ ಉರ್ದುವಿನಲ್ಲಿ 'ಕುಡಕ್' ಎನ್ನುತ್ತಾರೆ. ಇದನ್ನು ಕನ್ನಡದಲ್ಲಿ ಹೇಳಿದರೆ ಗೆಳತಿಯರು ಬೇರೆಯೇ ಅರ್ಥ ಮಾಡಿಕೊಂಡು ನಗುತ್ತಾರೆ! ನಮ್ಮ ಮನೆಯ ಕಾಕಟೀಲ್ ಒಂಟಿ ಹೆಣ್ಣು. ಆದರೂ ಮೊಟ್ಟೆ ಇಡುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ, ಫಾರಂ ಕೋಳಿಯ ಹಾಗೆ ಗಿಳಿಗೂ ಮೊಟ್ಟೆ ಇಡಲು ಗಂಡು ಬೇಕಾಗಿಲ್ಲ. ಆ ಮೊಟ್ಟೆಯಿಂದ ಮರಿ ಬರುವುದಿಲ್ಲ, ಅಷ್ಟೇ.

ಆಗ ನಮಗೆ ಮೂರು ಬಗೆಯ ಸಲಹೆಗಳು ಬಂದವು. ಮೊದಲನೆಯದು ದಾದಿಯವರದು: "ಪಾಪ, ಅವಳಿಗೊಂದು ಗಂಡು ತನ್ನಿ, ಮಡಕೆ ಕಟ್ಟಿ." ಪಕ್ಕದ ಮನೆಯ ಖಾಲಾ ಅದಕ್ಕೆ ಲೆಕ್ಕವನ್ನೂ ಸೇರಿಸಿದರು: "ವರ್ಷಕ್ಕೆ ಮೂರು ಸಲ ಮರಿ ಮಾಡಿಸಿದರೆ ನಿನ್ನ ಫೀಸ್ ಬರುತ್ತದೆ." ಹೆಣ್ಣು ಎಂದರೆ ಮೊದಲು ಗಂಡು ಹುಡುಕು ಎನ್ನುವ ಈ ಮಾತು ಹಕ್ಕಿಗೆ ಮಾತ್ರ ಸೀಮಿತವಲ್ಲ ಎಂದು ಹದಿನೇಳು ವರ್ಷದ ನನಗೆ ಚೆನ್ನಾಗಿ ಗೊತ್ತು. ಅದು ಇರಲಿ, ಲೆಕ್ಕವನ್ನೇ ನೋಡೋಣ.

ಕಂಪನಿಯು ಲಾಭಾಂಶವನ್ನು ಲಾಭದಿಂದ ಕೊಡಬೇಕೇ ಹೊರತು ಬಂಡವಾಳದಿಂದಲ್ಲ ಎಂದು ಅಕೌಂಟೆನ್ಸಿಯಲ್ಲಿ ಓದಿದ್ದೇವೆ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂನಿಂದ ಆಗುತ್ತದೆ. ಆಹಾರದಲ್ಲಿ ಅದು ಸಾಲದಿದ್ದರೆ ಹಕ್ಕಿಯ ದೇಹ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ಕಾಕಟೀಲ್ ದಿನ ಬಿಟ್ಟು ದಿನ ಒಂದರಂತೆ ಸಾಮಾನ್ಯವಾಗಿ 4ರಿಂದ 6 ಮೊಟ್ಟೆ ಇಡುತ್ತದೆ. ನೂರು ಗ್ರಾಂ ಆಸುಪಾಸಿನ ಜೀವ ಇದನ್ನು ಮತ್ತೆ ಮತ್ತೆ ಮಾಡಿದರೆ ಕರಗುವುದು ಬಂಡವಾಳವೇ. ಖಾಲಾ ಹೇಳಿದ ಲೆಕ್ಕದಲ್ಲಿ ಈ ಖರ್ಚಿನ ಕಾಲಂ ಇಲ್ಲ. ಮರಿಗಳನ್ನು ಯಾರು ಕೊಳ್ಳುತ್ತಾರೆ, ಹೇಗೆ ಸಾಕುತ್ತಾರೆ ಎಂಬುದೂ ಅದರಲ್ಲಿಲ್ಲ.

ಎರಡನೆಯ ಸಲಹೆ, ಮೊಟ್ಟೆಗಳನ್ನು ತೆಗೆದು ಎಸೆಯಿರಿ ಎಂಬುದು. ಕೇಳಲು ಸರಿ ಎನಿಸುತ್ತದೆ. ಆದರೆ ಮೊಟ್ಟೆ ಕಾಣೆಯಾದರೆ ಹಕ್ಕಿ ಆ ಕೊರತೆ ತುಂಬಲು ಮತ್ತೆ ಇಡತೊಡಗುತ್ತದೆ. ನಾಟಿ ಕೋಳಿಯಿಂದ ಹೆಚ್ಚು ಮೊಟ್ಟೆ ಪಡೆಯಲು ಅಜ್ಜಿಯರು ಮಾಡುತ್ತಿದ್ದ ಉಪಾಯವೂ ಇದೇ ತಾನೆ? ಆದ್ದರಿಂದ ಬಂಜೆ ಮೊಟ್ಟೆಗಳನ್ನು ಅಲ್ಲೇ ಬಿಡಬೇಕು. ಒಡೆದರೆ ಅದೇ ಅಳತೆಯ ಪ್ಲಾಸ್ಟಿಕ್ ಮೊಟ್ಟೆ ಇಡಬಹುದು. ಮೂರು ವಾರ ಕೂತು ಕೂತು, ಏನೂ ಆಗದಿದ್ದಾಗ ಅದೇ ಬೇಸತ್ತು ಎದ್ದು ಬರುತ್ತದೆ. ಆಮೇಲೆ ತೆಗೆದರಾಯಿತು. ಗಂಡು ಹೆಣ್ಣು ಜೊತೆಗಿದ್ದು ಮರಿ ಬೇಡ ಎನ್ನುವವರು ಮೊಟ್ಟೆ ಇಟ್ಟ ದಿನವೇ ಅದನ್ನು ಬೇಯಿಸಿ, ಪೂರ್ತಿ ಆರಿಸಿ, ಮತ್ತೆ ಅಲ್ಲೇ ಇಡುವುದುಂಟು.

ಮೂರನೆಯದು ಸಲಹೆಯಲ್ಲ, ದೂರು. "ನಿಮ್ಮ ಹಕ್ಕಿಗೆ ಸೊಕ್ಕು ಬಂದಿದೆ, ಕಚ್ಚುತ್ತದೆ." ಹೆಗಲ ಮೇಲೆ ಕೂರುತ್ತಿದ್ದ ಹಕ್ಕಿ ಹೀಗೆ ಬದಲಾದರೆ ಬೇಜಾರಾಗುವುದು ಸಹಜ. ಆದರೆ ಅದು ನಮ್ಮ ಮೇಲಿನ ಕೋಪವಲ್ಲ, ಮೊಟ್ಟೆಗೆ ಕಾವಲು. ನನ್ನ ತಮ್ಮನಿಗೆ ಇದನ್ನು ಅರ್ಥ ಮಾಡಿಸಲು ಎರಡು ದಿನ ಹಿಡಿಯಿತು. ಈಗ ಪಂಜರದ ಬಾಗಿಲಿಗೆ ಬರುವ ನೆಂಟರ ಮಕ್ಕಳನ್ನು ಅವನೇ ತಡೆಯುತ್ತಾನೆ.

ಕಾವಿಗೆ ಕೂರುವ ಮೊದಲೇ ತಡೆಯುವುದು ಇನ್ನೂ ಒಳ್ಳೆಯದು. ಹಗಲು ಉದ್ದವಾಗಿದ್ದು, ಮೆತ್ತನೆಯ ಆಹಾರ ಧಾರಾಳವಾಗಿದ್ದು, ಕತ್ತಲೆಯ ಮೂಲೆಯೊಂದು ಸಿಕ್ಕರೆ ಹಕ್ಕಿಯ ದೇಹ ಮರಿ ಮಾಡಲು ಒಳ್ಳೆಯ ಕಾಲ ಬಂತು ಎಂದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಪಂಜರ ಹಾಲ್‌ನಲ್ಲಿರುತ್ತದೆ. ಟ್ಯೂಬ್‌ಲೈಟ್ ರಾತ್ರಿ ಹನ್ನೊಂದರವರೆಗೆ ಉರಿಯುತ್ತದೆ, ರಂಜಾನ್‌ನಲ್ಲಿ ಸಹ್ರಿಗೆ ಮತ್ತೆ ಹೊತ್ತಿಕೊಳ್ಳುತ್ತದೆ. ಮಗ್ರಿಬ್ ಆದ ಮೇಲೆ ಪಂಜರವನ್ನು ಕತ್ತಲೆಯ ಕೋಣೆಗೆ ಒಯ್ದರೆ ಸಾಕು, ಹನ್ನೆರಡು ಗಂಟೆಯ ನಿದ್ದೆ ಸಿಗುತ್ತದೆ. ಮಡಕೆ, ರಟ್ಟಿನ ಪೆಟ್ಟಿಗೆ, ಕಾಗದದ ಚೂರು ಇಡಬಾರದು, ಮಂಚದ ಕೆಳಗೆ ನುಗ್ಗಲು ಬಿಡಬಾರದು. ಮುದ್ದು ಮಾಡುವುದಾದರೆ ತಲೆ, ಕುತ್ತಿಗೆ ಸವರಿ. ಬೆನ್ನು ಸವರಿದರೆ ಹಕ್ಕಿಗೆ ಅದು ಜೋಡಿಯ ಸ್ಪರ್ಶ. ಕ್ಯಾಲ್ಸಿಯಂಗೆ ಕಟಲ್ ಬೋನ್ ಎಂಬ ಬಿಳಿ ಸಮುದ್ರ ಮೂಳೆಯನ್ನು ಪಂಜರಕ್ಕೆ ಸಿಕ್ಕಿಸಿ, ನುಗ್ಗೆ ಸೊಪ್ಪು ಕೊಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಹಕ್ಕಿ ಉಬ್ಬಿಕೊಂಡು ಪಂಜರದ ತಳದಲ್ಲಿ ಕೂತು, ಬಾಲ ಮೇಲೆ ಕೆಳಗೆ ಮಾಡುತ್ತ ಮುಕ್ಕುತ್ತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಆಗ ನಾಳೆ ನೋಡೋಣ ಎನ್ನಬಾರದು, ಎಣ್ಣೆ ಹಚ್ಚಿ ಕೈಯಿಂದ ಎಳೆಯಲೂ ಬಾರದು. ನಮ್ಮ ಬೀದಿಯ ಒಂದು ಮನೆಯ ಹಕ್ಕಿ ಹೀಗೇ ಬೆಳಗಾಗುವುದರೊಳಗೆ ಸತ್ತಿತು. ದನ, ಕುರಿ ನೋಡುವ ಎಲ್ಲ ಪಶುವೈದ್ಯರೂ ಹಕ್ಕಿ ನೋಡುವುದಿಲ್ಲ. ನೋಡುವವರು ಯಾರು ಎಂದು ಮೊದಲೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.

ಹಸಿರು ಗಿಳಿಯ ವಿಷಯ ಬೇರೆ. ನಾವು 'ಮಿಟ್ಠು' ಎಂದು ಕರೆಯುವ ಅದು ನಮ್ಮ ಕಾಡಿನ, ನಮ್ಮ ತೋಟದ ಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಮಾರಾಟಕ್ಕೆ ಬರುವ ಮರಿಗಳನ್ನು ಮರಿ ಮಾಡುವ ಕಾಲದಲ್ಲೇ ಮರದ ಪೊಟರೆಯಿಂದ ಎತ್ತಿ ತರುತ್ತಾರೆ. ಸಂಗಡಿಗರು ಹಕ್ಕಿಯ ಮರಿಗಳನ್ನು ಎತ್ತಿಕೊಂಡಾಗ ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಬಂದದ್ದನ್ನು ಕಂಡು, ಮರಿಗಳನ್ನು ಹಿಂತಿರುಗಿಸಲು ಪ್ರವಾದಿ(ಸ) ಹೇಳಿದ ಹದೀಸ್ ನಮಗೆಲ್ಲ ಗೊತ್ತು. ಗೊತ್ತಿದ್ದೂ ಅಂಗಡಿಯ ಮುಂದೆ ಚೌಕಾಸಿಗೆ ನಿಲ್ಲುವುದು ಸರಿಯೇ?

ಹಕ್ಕಿ ಸಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಸಾಕಿದ ಮೇಲೆ ಅದು ನಮ್ಮ ಅಮಾನತ್. ಬೆಳಕು ಆರಿಸಿ, ಪೆಟ್ಟಿಗೆ ತೆಗೆಯಿರಿ, ಮೂರು ವಾರ ಅದರ ಪಾಡಿಗೆ ಅದನ್ನು ಬಿಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.